ಗಂಡ ಒಂದು ಹರಿಗೋಲು, ಹೆಂಡತಿ ಇನ್ನೊಂದು

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಬೇರೆ ಮಾಡಿದಷ್ಟು ಗಂಡ ಹೆಂಡಿರನ್ನು ಮೈಸೂರಿನ ಯಾವ ವಕೀಲನೂ ಬೇರೆ ಮಾಡಿರಲಾರ! ಅರ್ಜಿಯಿಲ್ಲ, ವಾಯಿದೆಯಿಲ್ಲ, ಸಾಕ್ಷಿಯಿಲ್ಲ. ಹೊಳೆ ದಂಡೆಯ ಹೊಂಗೆ ಮರದ ಕೆಳಗೆ ನಿಂತು, ಕೈಲಿದ್ದ ಕೋಲನ್ನೆತ್ತಿ ಗಂಡನಿಗೊಂದು ದಿಕ್ಕು, ಹೆಂಡತಿಗೊಂದು ದಿಕ್ಕು ತೋರಿಸಿಬಿಟ್ಟರೆ ತೀರ್ಪು ಮುಗಿಯಿತು. ಆಚೆ ದಡದಲ್ಲಿ ಇಬ್ಬರೂ ಮತ್ತೆ ಸೇರುತ್ತಿದ್ದರು ಅನ್ನುವುದೊಂದೇ ಸಮಾಧಾನ. ಹಾಗೆ ಸೇರುವ ಹೊತ್ತಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಸ್ವಲ್ಪ ಜಾಸ್ತಿಯಾಗಿರುತ್ತದೆ ಅಂತ ಮಾವನ ವಾದ. ಆಗದೆ ಏನು? ನೀನು ಮುಳುಗಬಹುದು, ಇವಳು ಉಳಿಯಬಹುದು ಅಂತ ಮುಖದ ಮೇಲೇ ಹೇಳಿ ಕಳಿಸಿದರೆ ಯಾರಿಗೆ ತಾನೇ ಪ್ರೀತಿ ಹುಟ್ಟುವುದಿಲ್ಲ?

ಈಗ ಯಾಕೆ ಇದೆಲ್ಲ ನೆನಪಾಯಿತೆಂದರೆ, ಮೊನ್ನೆ ನನ್ನ ಮಗಳು ಅಳಿಯ ಹಡಗಿನ ಕಂಪನಿಗಳ ಬಣ್ಣದ ಪುಸ್ತಿಕೆಗಳನ್ನು ಹಾಸಿಗೆ ತುಂಬ ಹರಡಿಕೊಂಡು ಕೂತಿದ್ದರು. ನಾಲ್ಕೈದು ದಿನ ಸಮುದ್ರದ ಮೇಲೆ ತೇಲಿಕೊಂಡು ಬರುವ ಪ್ರವಾಸವಂತೆ. ಒಂದು ಕಂಪನಿಯ ಹಡಗು ಮಕ್ಕಳು ಮರಿ ಇರುವವರಿಗೆ ಒಳ್ಳೆಯದಂತೆ, ಇನ್ನೊಂದು ಕಂಪನಿಯದು ಗಂಡ ಹೆಂಡತಿ ಇಬ್ಬರೇ ಹೋಗುವುದಕ್ಕಂತೆ. "ಅಮ್ಮಾ, ನೀನೇ ಹೇಳಿಬಿಡು, ಯಾವುದಕ್ಕೆ ಹೋಗೋಣ?" ಅಂದಳು ಮಗಳು. ನಾನು ಯೋಚನೆಯನ್ನೇ ಮಾಡದೆ, "ನೀನು ಒಂದರಲ್ಲಿ ಹೋಗು, ಅವರು ಇನ್ನೊಂದರಲ್ಲಿ ಬರಲಿ" ಅಂದುಬಿಟ್ಟೆ. ಅಳಿಯನ ಮುಖ ನೋಡಬೇಕಿತ್ತು ನೀವು! ಅತ್ತೆ ತಮ್ಮ ಮೇಲೆ ಏನೋ ಕೋಪ ಇಟ್ಟುಕೊಂಡಿದ್ದಾರೆ ಅಂತ ಎರಡು ದಿನ ನನ್ನ ಜೊತೆ ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನ ಬಾಯಲ್ಲಿ ಮಾತಾಡಿದ್ದು ಮಾವ ಅಂತ ಪಾಪ ಅವರಿಗೇನು ಗೊತ್ತು?

ನಾನು ಹೇಳುತ್ತಿರುವುದು ಅರವತ್ತು, ಎಪ್ಪತ್ತರ ದಶಕದ ಮಾತು. ಎಚ್.ಡಿ. ಕೋಟೆ ಸೀಮೆ. ಕಬಿನಿ ಹೊಳೆಯ ಈಚೆ ದಡದಲ್ಲಿ ನಮ್ಮೂರು. ಸರಗೂರಿನ ಸಂತೆ, ಬಸ್ಸು, ಆಸ್ಪತ್ರೆ, ಮೈಸೂರು, ಒಟ್ಟಿನಲ್ಲಿ ಪ್ರಪಂಚ ಅನ್ನುವುದೆಲ್ಲ ಆಚೆ ದಡದಲ್ಲಿ. ಸೇತುವೆ ಇನ್ನೂ ಆಗಿರಲಿಲ್ಲ. ದಾಟಿಸುವುದಕ್ಕೆ ಇದ್ದದ್ದು ಎರಡು ಹರಿಗೋಲು: ದೊಡ್ಡದು ಕರಿಯಣ್ಣನದು, ಚಿಕ್ಕದು ಅವನ ತಮ್ಮ ಸಿದ್ದನದು. ಮಾವ ಅಂಬಿಗರಲ್ಲ. ಹೊಳೆ ಪಕ್ಕದಲ್ಲಿ ಜಮೀನಿದ್ದ ರೈತ, ಅಷ್ಟೆ. ಯಾರೂ ಅವರಿಗೆ ಈ ಅಧಿಕಾರ ಕೊಟ್ಟಿರಲಿಲ್ಲ. ಹೊಂಗೆ ಮರದ ನೆರಳು ಕೊಟ್ಟಿರಬೇಕು!

ಪರವೂರಿನವರು ಬಂದು "ಯಾವುದು ಹತ್ತೋಣ ಸ್ವಾಮಿ?" ಅಂತ ಕೇಳಿದರೆ ಮಾವ ಎಲೆಯಡಿಕೆ ಉಗಿದು ಬಂದು ಶುರು ಮಾಡುತ್ತಿದ್ದರು.

"ದೊಡ್ಡದು ಸಂಸಾರಸ್ಥರಿಗೆ ಕಣಪ್ಪ. ಅಂಚು ಎತ್ತರ, ಕೂಸು ಬಗ್ಗಿ ನೀರು ಮುಟ್ಟಾಕಾಗಲ್ಲ. ಮುದುಕಿ ಕಾಲು ನೀಡ್ಕೊಂಡು ಕೂರ್ಬೋದು. ಚಿಕ್ಕದು ಜೋಡಿಗೆ ಚೆಂದ ಅಂತ ಎಲ್ಲಾ ತಿಳ್ಕೊಂಡವ್ರೆ. ತಪ್ಪು! ಹೊಸ ಜೋಡಿ ಒಬ್ರಿಗೊಬ್ರು ಒರಗ್ಕೊಂಡು ಒಂದೇ ಮಗ್ಗುಲಿಗೆ ಕೂರ್ತವೆ. ನಡುನೀರಲ್ಲಿ ಮೂರು ಸುತ್ತು, ಮುಗೀತು ಕತೆ."

"ಮತ್ತೆ ಜೋಡಿ ಯಾವುದಕ್ಕೆ ಹತ್ತಬೇಕು?"

"ಒಂದೊಂದಕ್ಕೆ ಒಬ್ಬೊಬ್ರು!"

ಕರಿಯಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದ. "ಗೌಡ್ರೇ, ಬೆಳಗಾನ ಎದ್ದು ಮುಳುಗೋದು ಮುಳುಗೋದು ಅಂತ ನೀವು ಮಂತ್ರ ಹೇಳ್ತಾ ನಿಂತ್ಕಂಡ್ರೆ ನಮ್ ಕಸುಬು ಏನಾಗ್ಬೇಕು?"

"ಮುಳುಗ್ತದೆ ಅಂತ ನಾನ್ಯಾವಾಗ್ಲಾ ಅಂದೆ? ಒಂದು ಮುಳುಗಿದ್ರೆ ಇನ್ನೊಂದಿರ್ಲಿ ಅಂದೆ."

ಅದೇ ಮಾವನ ಕಾನೂನು. ಒಂದು ಮನೆಯವರೆಲ್ಲ ಒಂದೇ ಹರಿಗೋಲಿಗೆ ಹತ್ತಬಾರದು. ನಮ್ಮ ಕಡೆ ಹಳಬರೆಲ್ಲ ಈ ಮಾತು ಹೇಳುತ್ತಿದ್ದರು, ಹೇಳಿ ಮರೆತು ಹತ್ತುತ್ತಿದ್ದರು. ಮಾವ ಮರೆಯುತ್ತಿರಲಿಲ್ಲ. ಕಾರಣವಿತ್ತು. ನಮ್ಮ ಹೊಳೆಯ ಸ್ವಭಾವ ನಿಮಗೆ ಗೊತ್ತಿಲ್ಲ. ನಮ್ಮೂರಲ್ಲಿ ಬಿಸಿಲು ಸುಡುತ್ತಿರುತ್ತದೆ, ಹಪ್ಪಳ ಒಣಗಿಸಿರುತ್ತೇವೆ. ಮೇಲೆ ವಯನಾಡಿನಲ್ಲಿ ಮಳೆ ಸುರಿದಿರುತ್ತದೆ. ನೋಡುನೋಡುತ್ತ ನೀರು ಕೆಂಪಗಾಗಿ ಬಂದುಬಿಡುತ್ತದೆ. ಮಾವನಿಗೆ ಹದಿನೆಂಟು ವರ್ಷವಿದ್ದಾಗ ಹಾಗೆ ಬಂತು. ಅವರ ಬೀದಿಯ ಒಂದು ಮನೆಯ ಏಳು ಜನ, ಅಜ್ಜಿಯಿಂದ ಹಿಡಿದು ಹಾಲುಗೂಸಿನವರೆಗೆ, ನಾಮಕರಣಕ್ಕೆ ಅಂತ ಒಂದೇ ಹರಿಗೋಲಿನಲ್ಲಿ ಹೊರಟಿದ್ದರು. ಏಳು ಜನವೂ ಹೋದರು. ಊರೆಲ್ಲ ಎರಡು ದಿನ ಹೊಳೆಯಲ್ಲಿ ಹುಡುಕಿತು. ಮೂರನೆಯ ದಿನ ದನಗಳು ಕೂಗುವುದು ಕೇಳಿ ಮಾವ ಆ ಮನೆಯ ಬಾಗಿಲು ತೆಗೆದರಂತೆ. ಹೆಪ್ಪು ಹಾಕಿಟ್ಟಿದ್ದ ಹಾಲು ಮೊಸರಾಗಿ, ಮೊಸರು ಹುಳಿಯಾಗಿ ಕೂತಿತ್ತಂತೆ.

"ಆ ಮನೇಲಿ ಅಳಾಕೂ ಒಬ್ರು ಉಳೀಲಿಲ್ಲ ಕಣವ್ವ" ಅಂತ ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದರು. ಹೇಳಿ ತಕ್ಷಣ ಕರಿಯಣ್ಣನನ್ನು ಬೈಯುವುದಕ್ಕೆ ಹೋದರು.

ಈ ಕಾನೂನಿಗೆ ಮೊದಲ ಬಲಿ ಯಾರು? ಇನ್ಯಾರು, ಮಾವನ ಹೆಂಡತಿ, ನಮ್ಮ ಅತ್ತೆ! ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿದ್ದರೂ ಆಕೆ ಒಂದು ಸಲವೂ ಗಂಡನ ಪಕ್ಕದಲ್ಲಿ ಕೂತು ಹೊಳೆ ದಾಟಿರಲಿಲ್ಲ. ವಾರ ವಾರ ಸಂತೆಗೆ ಅತ್ತೆ ದೊಡ್ಡದರಲ್ಲಿ, ಮಾವ ಚಿಕ್ಕದರಲ್ಲಿ. ಇದರಿಂದ ಆದ ಅನುಕೂಲ ಊರಿನವರಿಗೆ. ಅವರಿಬ್ಬರ ಜಗಳವೆಲ್ಲ ನೀರಿನ ಮೇಲೆ ಕೂಗಿ ಕೂಗಿ ನಡೆಯುತ್ತಿತ್ತು, ಎರಡು ದಡಕ್ಕೂ ಕೇಳುತ್ತಿತ್ತು. ಒಂದು ದಿನ ಸಿಟ್ಟು ಬಂದು ಅತ್ತೆ, "ಕರಿಯಣ್ಣ, ನನ್ನ ಬೆನ್ನು ಅವ್ರ ಕಡೆ ಮಾಡ್ಬುಡು" ಅಂದರು. ಕರಿಯಣ್ಣ ತಿರುಗಿಸಿದ. ಹರಿಗೋಲು ತಿರುಗುವುದು ಅಷ್ಟಕ್ಕೇ ನಿಲ್ಲುತ್ತದೆಯೇ? ಇನ್ನೂ ಅರ್ಧ ಸುತ್ತು ತಿರುಗಿ ಅತ್ತೆಯ ಮುಖವನ್ನು ಮತ್ತೆ ಮಾವನ ಎದುರಿಗೇ ತಂದಿಟ್ಟಿತು. "ಏನು, ಮುನಿಸು ಮುಗೀತಾ?" ಅಂದರು ಮಾವ.

ಆದರೆ ಅತ್ತೆಗೆ ಆ ಆಸೆ ತಮಾಷೆಯದಾಗಿರಲಿಲ್ಲ. ಅವರಿಗೆ ಮೂರು ಮಕ್ಕಳು ಹುಟ್ಟಿ ಹೋಗಿ, ಕೊನೆಗೆ ಉಳಿದದ್ದು ಒಬ್ಬಳೇ ಮಗಳು. "ಅವಳು ಉಟ್ಟೋಕೆ ಮುಂಚೆನಾದ್ರೂ ಒಂದ್ ದಿನ ಪಕ್ಕದಲ್ಲಿ ಕೂರ್ಬೋದಿತ್ತಲ್ವಾ ಈ ಪುಣ್ಯಾತ್ಮ?" ಅಂತ ನನ್ನ ತಾಯಿಯ ಹತ್ತಿರ ಹೇಳಿ ಮೂಗು ಒರೆಸಿಕೊಳ್ಳುತ್ತಿದ್ದರು. "ಒಂದ್ಸಲ. ಒಂದೇ ಒಂದ್ಸಲ ಜೊತೇಲಿ ದಾಟ್ಸಿ ಅಂದ್ರೆ, ಮಗಳಿಗ್ಯಾರು, ಮಗಳಿಗ್ಯಾರು ಅಂತಾರೆ. ಅವಳು ಮದುವೆಯಾಗಿ ಓಗೋವರ್ಗೂ ನಾನಿರ್ತೀನೋ ಇಲ್ವೋ!"

ಮಾವನ ಕಾನೂನಿಗೆ ಸರ್ಕಾರವೂ ತಲೆಬಾಗಿದ್ದುಂಟು. ಒಬ್ಬ ಸಾಹೇಬರು ಹೆಂಡತಿ, ಮೂರು ಮಕ್ಕಳ ಸಮೇತ ಬಂದರು. ಎಲ್ಲರೂ ದೊಡ್ಡ ಹರಿಗೋಲಿನಲ್ಲಿ ಕೂತಾಗಿತ್ತು. ಮಾವ ಅಂಚು ಹಿಡಿದುಕೊಂಡು ಬಿಡಲೇ ಇಲ್ಲ.

"ಏನ್ರೀ ಇದು ತಲೆಹರಟೆ? ನಾನು ಯಾರು ಗೊತ್ತೇನ್ರೀ?"

"ನಮಗ್ ಗೊತ್ತು ಸ್ವಾಮಿ. ಒಳೆಗೆ ಗೊತ್ತಿಲ್ವಲ್ಲ!"

ಸಾಹೇಬರು ಕೆಂಪಾದರು. ಮಾವ ಬಹಳ ವಿನಯದಿಂದ ಬಿಡಿಸಿ ಹೇಳಿದರು. "ನೋಡಿ ಸ್ವಾಮಿ, ನೀವು ಮುಳುಗಿ ಓದ್ರೆ ಸರ್ಕಾರದೋರು ಅಮ್ಮೋರಿಗೆ ಪಿಂಚಣಿ ಕೊಡ್ತಾರೆ. ಅಮ್ಮೋರು ಓದ್ರೆ ಈ ಮೂರು ತಲೆಗೆ ಎಣ್ಣೆ ಹಚ್ಚಿ ಬಾಚೋರ್ಯಾರು, ನೀವಾ? ಅದ್ಕೇ ಅಮ್ಮೋರು ಮಕ್ಕಳ ಜೊತೆ ಇರ್ಲಿ. ನೀವು ಎದ್ದು ಚಿಕ್ಕದಕ್ಕೆ ಬನ್ನಿ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಆಕೆ ಮೃದುವಾಗಿ, "ಹಿರಿಯರು ಹೇಳ್ತಿದ್ದಾರೆ, ಹೋಗಿ" ಅಂದರು! ಆಚೆ ದಡದವರೆಗೂ ಸಾಹೇಬರು ಚಿಕ್ಕ ಹರಿಗೋಲಿನಲ್ಲಿ ಒಬ್ಬರೇ ಕೂತು ಹೆಂಡತಿಯನ್ನೇ ನೋಡುತ್ತಿದ್ದರು. ಆಕೆ ಮಾತ್ರ ನೀರು ನೋಡುತ್ತಿದ್ದರು. ಪಿಂಚಣಿಯ ಯೋಚನೆ ಇದ್ದಿರಬೇಕು!

ಇನ್ನು ನನ್ನ ಮದುವೆ. ಗಂಡು ಪಿರಿಯಾಪಟ್ಟಣದ ಕಡೆ, ರಾವಂದೂರಿನವರು. ಅವರಿಗೆ ಮಾವನ ಪ್ರತಾಪ ಗೊತ್ತಿರಲಿಲ್ಲ. ಧಾರೆಯಾಗಿ ಹೆಣ್ಣು ಒಪ್ಪಿಸಿ, ನನ್ನ ಸೆರಗಿಗೂ ಅವರ ವಲ್ಲಿಗೂ ಗಂಟು ಹಾಕಿಯೇ ಹೊಳೆಯ ಹತ್ತಿರ ಕರೆತಂದರು. ಮಾವ ಬಂದು ನಿಂತರು. ನೇರವಾಗಿ ಗಂಟಿಗೇ ಕೈ ಹಾಕಿದರು!

"ಅಯ್ಯಯ್ಯೋ! ಮನೆ ತುಂಬೋಕೆ ಮುಂಚೆ ಗಂಟು ಬಿಚ್ತಾರಾ? ಅಪಶಕುನ!" ಅಂತ ಗಂಡಿನ ಕಡೆಯ ಮುದುಕಿಯರೆಲ್ಲ ಕಿರುಚಿದರು.

"ಶಕುನಕ್ಕೆ ಈಜಾಕ್ ಬತ್ತದಾ?" ಅಂದರು ಮಾವ. "ಒಬ್ರು ಬಿದ್ರೆ ಇನ್ನೊಬ್ರನ್ನೂ ಎಳ್ಕೊಂಡೋಯ್ತದೆ ಈ ಗಂಟು. ಆಚೆ ಕಡೆ ಓಗಿ ಹತ್ತು ಗಂಟು ಹಾಕ್ಕೊಳ್ಳಿ."

ಗಂಟು ಬಿಚ್ಚಿತು. ನಾನು ಗಂಡಿನ ತಾಯಿಯ ಜೊತೆ ದೊಡ್ಡದರಲ್ಲಿ, ನನ್ನ ಗಂಡ ಬಾಸಿಂಗ ಕಟ್ಟಿಕೊಂಡು ಚಿಕ್ಕದರಲ್ಲಿ. ಮದುವೆಗೆ ಮುಂಚೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ನಡುನೀರಿಗೆ ಬಂದಾಗ ಅವರು ಎದ್ದು ನಿಂತು ನನ್ನ ಕಡೆ ಕೂಗಿದರು. "ಈಜು ಬರುತ್ತಾ?"

ಅದು ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು. ನಾಚಿಕೆ ಬಿಟ್ಟು "ಬರಲ್ಲ" ಅಂತ ಕೂಗಿದೆ.

"ನಂಗೂ ಬರಲ್ಲ!" ಅಂದರು.

ಇಷ್ಟು ನಿಜ ಹೇಳಿಕೊಂಡು ಶುರುವಾದ ಸಂಸಾರ ಇನ್ನೊಂದಿದ್ದರೆ ತೋರಿಸಿ ನೋಡೋಣ!

ನನ್ನ ಮದುವೆಯಾಗಿ ನಾಲ್ಕನೆಯ ವರ್ಷ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ನಾಟಿ ಔಷಧಿಯಾಯಿತು, ಸರಗೂರಿನ ಇಂಜೆಕ್ಷನ್ನಾಯಿತು. ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆ. ಮಗಳನ್ನು ನನ್ನ ತಾಯಿಯ ಹತ್ತಿರ ಬಿಟ್ಟು, ತವರಿಗೆ ಬಂದಿದ್ದ ನನ್ನನ್ನೂ ಕರೆದುಕೊಂಡು ಹೊರಟರು. ಹೋಗುವಾಗಲೂ, ಮುಲುಕುತ್ತಿದ್ದ ಅತ್ತೆ ದೊಡ್ಡದರಲ್ಲಿ, ಮಾವ ಚಿಕ್ಕದರಲ್ಲಿ. ನನಗೆ ಮೈಯೆಲ್ಲ ಉರಿಯಿತು. ಇದೆಂಥ ಮನುಷ್ಯ, ಕಲ್ಲು ಅಂದುಕೊಂಡೆ. ನಾನು ಆಸ್ಪತ್ರೆಯಲ್ಲಿ ಅತ್ತೆಯ ಜೊತೆಗಿದ್ದೆ. ಇಪ್ಪತ್ತು ದಿನದಲ್ಲಿ ಆಕೆ ಅರ್ಧವಾದರು. ಇಪ್ಪತ್ತೊಂದನೆಯ ದಿನ ಡಾಕ್ಟರು ಮಾವನೊಬ್ಬರನ್ನೇ ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ಮಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು.

"ವಾಸಿಯಾಯ್ತಂತೆ. ಊರಿಗೆ ಕರ್ಕೊಂಡೋಗಿ ಅಂದ್ರು."

ನಾನು ನಂಬಿದೆ. ಅತ್ತೆ ನನಗಿಂತ ಜಾಸ್ತಿ ನಂಬಿದರು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡೇ ಮುಂದಿನ ವರ್ಷದ ಸಂಸಾರವನ್ನೆಲ್ಲ ನಡೆಸಿದರು. ಅವರೆ ಎಲ್ಲಿ ಹಾಕಬೇಕು, ಕರಿ ಹಸುವನ್ನು ಇಟ್ಟುಕೊಳ್ಳಬೇಕೋ ಬೇಡವೋ, ಮಗಳಿಗೆ ಭೇರ್ಯದ ಕಡೆ ಗಂಡು ನೋಡಬೇಕೋ ಹುಣಸೂರಿನ ಕಡೆಯೋ. ಮಾವ ಎಲ್ಲದಕ್ಕೂ ಹೂಂ ಅಂದರು. ಜೀವಮಾನದಲ್ಲಿ ಹೆಂಡತಿಯ ಒಂದು ಮಾತಿಗೂ ಎದುರಾಡದೆ ಬಿಟ್ಟವರಲ್ಲ ಅವರು! ಸರಗೂರಿನಲ್ಲಿ ಇಳಿದ ಮೇಲೆ ಮಗಳಿಗೆ ಹಸಿರು ಬಳೆ ಬೇಕು ಅಂದರು ಅತ್ತೆ. ಮಾವ ಎರಡು ಡಜನ್ ತಂದರು.

ಗಾಡಿಯಲ್ಲಿ ಹೊಳೆಯ ಹತ್ತಿರ ಬಂದಾಗ ಇಳಿಹೊತ್ತು. ನೀರು ತಿಳಿಯಾಗಿತ್ತು. ಕರಿಯಣ್ಣ ದೊಡ್ಡ ಹರಿಗೋಲಿನಲ್ಲಿ ಹುಲ್ಲು ಹಾಸಿದ. ನಾನೂ ಮಾವನೂ ಎತ್ತಿ ಅತ್ತೆಯನ್ನು ಕೂರಿಸಿದೆವು. ಅತ್ತೆಗೆ ಉತ್ಸಾಹ. "ಸಿದ್ದಾ, ನಿಮ್ ಗೌಡ್ರು ಬತ್ತಾವ್ರೆ ಕಣಪ್ಪ. ಸಿಂಹಾಸನ ಒರ್ಸಿಡು" ಅಂತ ಕೂಗಿದರು. ಮಾವ ಚಿಕ್ಕ ಹರಿಗೋಲಿನ ಹತ್ತಿರ ಹೋದರು. ಚೀಲವನ್ನು ಅದರೊಳಗಿಟ್ಟರು. ಅದರ ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿನಲ್ಲೇ ನಡೆದುಕೊಂಡು ಬಂದು, ನಮ್ಮ ಹರಿಗೋಲು ಹತ್ತಿ, ಅತ್ತೆಯ ಪಕ್ಕದಲ್ಲಿ ಕೂತರು.

ಅತ್ತೆ ನಕ್ಕುಬಿಟ್ಟರು. "ಏನ್ರೀ, ದಾರಿ ತಪ್ಪಿ ಬಂದ್ರಾ?"

ಅತ್ತೆ ಮಾವನ ಮುಖ ನೋಡಿದರು. ಆ ನಗು ಅಲ್ಲೇ ನಿಂತಿತು.

"ಮನೇಲಿ ಮಗಳವ್ಳೆ" ಅಂದರು.

"ಊಂ."

"ಅವಳಿಗೆ ಒಬ್ರಾದ್ರೂ ಉಳೀಬೇಕಲ್ವಾ?"

ಮಾವ ನೀರು ನೋಡುತ್ತಿದ್ದರು.

"ಡಾಕ್ಟ್ರು ಏನಂದ್ರು?"

"ಅಂದ್ನಲ್ಲಾ ಕಣೆ. ವಾಸಿಯಾಯ್ತು ಅಂತ."

"ವಾಸಿಯಾಗಿದ್ರೆ ನೀವು ಈ ಅರಿಗೋಲು ಹತ್ತಾ ಇರ್ಲಿಲ್ಲ."

ಕರಿಯಣ್ಣ ಹುಟ್ಟನ್ನು ಎದೆಗೊತ್ತಿಕೊಂಡು ನಿಂತೇ ಇದ್ದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಾವನ ಕೈ ಹುಲ್ಲಿನ ಮೇಲಿತ್ತು. ಅತ್ತೆ ಅದನ್ನು ಎತ್ತಿ ತಮ್ಮ ಮಡಿಲಿಗಿಟ್ಟುಕೊಂಡರು. ಊರಿನವರ ಎದುರಿಗೆ ಹಾಗೆ ಮಾಡುವ ಕಾಲವಲ್ಲ ಅದು. ಆಮೇಲೆ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಸಂತೆಗೆ ಹೊರಟವರ ಹಾಗೆ ನೆಟ್ಟಗೆ ಕೂತರು.

"ಕರಿಯಣ್ಣ, ಬುಡಪ್ಪ ಇನ್ನ" ಅಂದರು. "ಅವಸರ ಮಾಡ್ಬೇಡ. ಸುತ್ತಿಸ್ಕೊಂಡು ನಿಧಾನವಾಗಿ ಓಗು."