ಮೀನಿನ ತೊಟ್ಟಿಯ ಮೋಟ್ರು

ನಾನು ಪಾಠ ಮಾಡಿದ್ದೆಲ್ಲ ಒಂದಲ್ಲ ಒಂದು ದಿನ ನನ್ನ ಮೇಲೇ ಪ್ರಯೋಗವಾಗುತ್ತದೆ. ಘರ್ಷಣೆಯ ಪಾಠ ಮುಗಿಸಿ ಬಂದ ದಿನವೇ ಸ್ಟಾಫ್ ರೂಮಿನ ಬಾಗಿಲಲ್ಲಿ ಜಾರಿ ಬಿದ್ದವಳು ನಾನು. ಗುರುತ್ವಾಕರ್ಷಣೆ ಹೇಳಿಕೊಟ್ಟ ಸಂಜೆ ಹಿತ್ತಲ ಮರದಿಂದ ತೆಂಗಿನಕಾಯಿ ಬಿದ್ದು ನಮ್ಮ ಯಜಮಾನರ ಸ್ಕೂಟರ್ ದೀಪ ಪುಡಿಯಾಯಿತು. ಇನ್ನು ಸೈಫನ್ ಪಾಠ ನನ್ನನ್ನು ಸುಮ್ಮನೆ ಬಿಟ್ಟೀತೆ?

ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಂ. ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಕೊಠಡಿಗೆಂದು ಒಂದು ಗಾಜಿನ ತೊಟ್ಟಿ, ನಾಲ್ಕು ಕೆಂಪು ಮೀನು ಮತ್ತು ಗಾಳಿ ಊದುವ ಅಂಗೈಯಗಲದ ಮೋಟ್ರು ತಂದುಕೊಟ್ಟಳು. ಅಂದಿನಿಂದ ಹುಡುಗಿಯರು ನನ್ನ ಪೀರಿಯಡ್ಡಿಗೆ ಬೆಲ್ಲಿಗೆ ಮೊದಲೇ ಹಾಜರು. ಹದಿನೆಂಟು ವರ್ಷದ ನನ್ನ ಪಾಠಕ್ಕೆ ಸಿಗದ ಮರ್ಯಾದೆಯನ್ನು ಆ ಮೀನುಗಳು ಬಾಯಿ ತೆರೆದು ಮುಚ್ಚಿಯೇ ಸಂಪಾದಿಸಿದ್ದವು.

ಮೊದಲನೇ ಪ್ರಾಕ್ಟಿಕಲ್

ಗುರ್ರೆನ್ನುವ ವಸ್ತು ಕಣ್ಣಿಗೆ ಬೀಳದಿರಲಿ ಎಂದು ಮೋಟ್ರನ್ನು ಟೇಬಲ್ ಕೆಳಗೆ ನೆಲದ ಮೇಲಿಟ್ಟೆ. ಅದರಿಂದ ಹೊರಟ ಸಣ್ಣ ನಳಿಕೆ ತೊಟ್ಟಿಯ ಅಂಚು ದಾಟಿ ನೀರಿಗಿಳಿದು ಗುಳ್ಳೆ ಬಿಡುತ್ತಿತ್ತು. ನಮ್ಮ ಶಾಲೆಯ ಆಯಮ್ಮ ಧಾರಾಳಿ. ತೊಟ್ಟಿಯನ್ನು ಅಂಚಿನವರೆಗೂ ತುಂಬಿಸಿದ್ದಳು.

ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಆಯಮ್ಮ ಸ್ಟಾಫ್ ರೂಮಿಗೆ ಓಡಿಬಂದಳು.

"ಮೇಡಮ್ಮೋರೆ, ಮೀನು ಉಚ್ಚೆ ಹೊಯ್ದವೆ. ರೂಮೆಲ್ಲಾ ನೀರು!"

ನಾಲ್ಕು ಮೀನಿಗೆ ಅಷ್ಟು ಶಕ್ತಿ ಎಲ್ಲಿಂದ? ಹೋಗಿ ನೋಡಿದರೆ, ಊದುವ ಗಾಳಿ ನಿಂತದ್ದೇ ತಡ, ನೀರು ಅದೇ ನಳಿಕೆಯಲ್ಲಿ ಹಿಂದಕ್ಕೆ ಹತ್ತಿ, ಅಂಚು ದಾಟಿ, ಮೋಟ್ರಿನ ಹೊಟ್ಟೆಯೊಳಗಿಂದ ನೆಲಕ್ಕೆ ಹರಿಯುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ವಿನಯದಿಂದ ಕೇಳಿದಳು: "ಮೇಡಂ, ಬೆಳಿಗ್ಗೆ ಬೋರ್ಡ್ ಮೇಲೆ ಚಿತ್ರ ಬರೆದ್ರಲ್ಲ, ಸೈಫನ್ನು, ಅದೇನಾ ಇದು?"

"ಹೂಂ ಕಣಮ್ಮ," ಎಂದೆ ಸೆರಗು ಸಿಕ್ಕಿಸಿಕೊಂಡು. "ಇದು ಪ್ರಾಕ್ಟಿಕಲ್. ಬಕೆಟ್ ತಗೊಂಬಾ."

ಸುದ್ದಿ ಶಾಲೆಯ ಕಾರ್ಯದರ್ಶಿಗಳಿಗೆ ಮುಟ್ಟಿತು. ಅವರು ನೊಣವಿನಕೆರೆ ಕಡೆ ತೋಟವಿರುವ, ಊರಲ್ಲಿ ಕೊಬ್ಬರಿ ಮಂಡಿಯಿರುವ ಸಾವ್ಕಾರರು. ಮೊದಲ ದಿನದಿಂದಲೇ ಆ ತೊಟ್ಟಿಯ ಮೇಲೆ ಅವರ ಕಣ್ಣು. "ಇನ್ನೊಂದ್ಸಲ ನೀರು ಚೆಲ್ತೋ, ತೊಟ್ಟಿ ನಮ್ಮನೆ ಹಾಲ್‌ಗೆ ಹೋಯ್ತದೆ ಕಣ್ರೀ ಮೇಡಂ," ಎಂದರು. ಬೈಗುಳಕ್ಕಿಂತ ಆಸೆಯೇ ಹೆಚ್ಚಾಗಿತ್ತು ಆ ಮಾತಿನಲ್ಲಿ.

ಒಂದೂವರೆ ಅಡಿ ಬಾವಿ

ನೆನೆದ ಮೋಟ್ರು ಎತ್ತಿಕೊಂಡು ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೋದೆ. ಮೆಕ್ಯಾನಿಕ್ ಅದನ್ನು ಕಪ್ಪೆಮರಿಯಂತೆ ಅಂಗೈಯಲ್ಲಿಟ್ಟುಕೊಂಡು ಗಂಭೀರವಾಗಿ ಕೇಳಿದ: "ಎಷ್ಟು ಎಚ್‌ಪಿ ಮೇಡಂ?"

"ಅಷ್ಟೆಲ್ಲ ಇಲ್ಲಪ್ಪ."

"ಬಾವಿ ಎಷ್ಟಡಿ?"

"ಒಂದೂವರೆ."

"ಫುಟ್‌ವಾಲ್ವ್ ಎಲ್ಲಿ?"

"ಇಲ್ಲ."

ಅಲ್ಲೇ ಬೀಡಿ ಸೇದುತ್ತ ಕೂತಿದ್ದ ದಂಡಿನಶಿವರದ ರೈತರೊಬ್ಬರು ನನ್ನನ್ನು ಮರುಕದಿಂದ ನೋಡಿದರು. "ಫುಟ್‌ವಾಲ್ವ್ ಇಲ್ದೆ ಮೋಟ್ರು ಕೂರ್ಸಿದ್ರೆ ನೀರು ವಾಪಸ್ ಓಡ್ದೆ ಇನ್ನೇನಾಯ್ತದೆ ಕಣವ್ವ? ಏನು ಓದಿದ್ದೀಯಾ?"

"ಬಿ.ಎಸ್ಸಿ., ಬಿ.ಎಡ್."

"ಅದುಕ್ಕೇ ಬುಡು."

ಮೆಕ್ಯಾನಿಕ್ ಮೋಟ್ರು ಒಣಗಿಸಿ, ನಳಿಕೆಯ ನಡುವೆ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿಕೊಟ್ಟ. ಗಾಳಿಯನ್ನು ಒಳಗೆ ಬಿಡುತ್ತದೆ, ಏನನ್ನೂ ವಾಪಸ್ ಬಿಡುವುದಿಲ್ಲ. ವಿದ್ಯೆ ಸರಿಯಾಗೇ ಇತ್ತು. ಆದರೆ ಆ ವಾಲ್ವು ತೆರೆಯಲು ಗಂಡಸರು ಪಂಪು ಹೊಡೆದೇ ಬೆವರುತ್ತಾರೆ. ನಮ್ಮ ಮೋಟ್ರು ಎಲ್ಲಿ ತೆರೆದೀತು? ಗುಳ್ಳೆ ನಿಂತು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು.

ಆಯಮ್ಮ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು: "ನೀರೂ ಬರಕಿಲ್ಲ, ಗಾಳೀನೂ ಹೋಗಕಿಲ್ಲ. ಇಬ್ರಿಗೂ ಪಂಚಾಯ್ತಿ ಮಾಡಿ ಕೂರ್ಸವ್ನೆ."

ಆಯಮ್ಮನ ರಿಪೇರಿ

ವಾಲ್ವು ಕಿತ್ತೆಸೆದು ಪುಸ್ತಕ ತೆರೆದೆ. ನಳಿಕೆಯಲ್ಲಿ ನೀರಿನ ಮಟ್ಟದಿಂದ ಮೇಲೆ ಒಂದು ಸೂಜಿತೂತು ಇದ್ದರೆ ಸಾಕು, ಮೋಟ್ರು ನಿಂತೊಡನೆ ಅಲ್ಲಿಂದ ಗಾಳಿ ನುಗ್ಗಿ ನೀರಿನ ಎಳೆ ತುಂಡಾಗುತ್ತದೆ. ಸೆರಗಿನ ಪಿನ್ನು ತೆಗೆದು ಚುಚ್ಚಿದೆ. ಮೂರು ಸಲ ಕರೆಂಟು ಹೋಯಿತು. ಒಂದು ಹನಿ ಬೀಳಲಿಲ್ಲ. ಸ್ಟಾಫ್ ರೂಮಿನಲ್ಲಿ ಎರಡು ದಿನ ಬೇರೆ ಮಾತೇ ಆಡಲಿಲ್ಲ ನಾನು.

ನಾಲ್ಕನೇ ಸಲ ಮತ್ತೆ ಕೆರೆ.

ಆಯಮ್ಮ ಹೆಮ್ಮೆಯಿಂದ ಹೇಳಿದಳು: "ಪೈಪು ತೂತು ಬಿದ್ದು ಪುಸ್ ಅಂತಿತ್ತು ಮೇಡಮ್ಮೋರೆ. ನೀವು ನೋಡಿಲ್ವೇನೋ ಅಂತ ಪಂಕ್ಚರ್ ಅಂಗಡಿಯಿಂದ ಸಲ್ಯೂಷನ್ ಇಸ್ಕೊಂಬಂದು ಬಳಿದಿವ್ನಿ."

ಟೇಬಲ್ ಕೆಳಗೆ ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆಯ ಕಟ್ಟಿತ್ತು. ಇಂಕೆಲ್ಲ ಕರಗಿ ಒಂದೇ ನೀಲಿ. ಬೇರೆ ದಾರಿ ಕಾಣದೆ ಎಲ್ಲರನ್ನೂ ಪಾಸು ಮಾಡಿದೆ. ಮಾರನೆಯ ದಿನದಿಂದ ಹಿಂದಿನ ಬೆಂಚಿನವರು ಮೀನಿಗೆ ಕಡ್ಲೆಪುರಿ ತರತೊಡಗಿದರು.

ಸಾವ್ಕಾರರ ಪಾಠ

ಕಾರ್ಯದರ್ಶಿಗಳು ತೊಟ್ಟಿ ಒಯ್ಯಲು ಜೀಪು ತರುವುದಾಗಿ ಹೇಳಿಕಳಿಸಿದರು. ನಾನು ಮೀನುಗಳ ಮುಂದೆ ಕೂತಿದ್ದೆ. ಆಯಮ್ಮ ಪೊರಕೆ ಊರಿ ನಿಂತು ಅಂದಳು: "ಮೋಟ್ರುನ ನೀರಿಗಿಂತ ಮೇಲಕ್ಕೆ ತಗಲಾಕಿ. ನೀರು ಇಳಿದಾತು, ಹತ್ತಾತಾ?"

ಪಾಠದ ನಾಲ್ಕನೇ ಸಾಲಿನಲ್ಲೇ ಅದಿತ್ತು. ಪ್ರತಿ ವರ್ಷ ನಾನೇ ಗಟ್ಟಿಯಾಗಿ ಓದಿಸುತ್ತಿದ್ದೆ.

ತೊಟ್ಟಿಯ ಹಿಂದಿನ ಗೋಡೆಯಲ್ಲಿ ಇದ್ದದ್ದು ಶಾಲೆ ಕಟ್ಟಿಸಿದ ಪುಣ್ಯಾತ್ಮರ, ಅಂದರೆ ಕಾರ್ಯದರ್ಶಿಗಳ ತಂದೆಯ, ಫೋಟೋ. ಅದೇ ಮೊಳೆಗೆ ಮೋಟ್ರು ತೂಗುಹಾಕಿದೆವು. ಗುರ್ರೆಂದಾಗಲೆಲ್ಲ ಗಂಧದ ಹಾರ ಸಣ್ಣಗೆ ಕುಣಿಯುತ್ತಿತ್ತು.

ಕಾರ್ಯದರ್ಶಿಗಳು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದರು. ನೋಡಿದವರೇ ಕೆಂಪಾದರು. "ಏನ್ರೀ ಇದು? ನಮ್ಮಪ್ಪನ ಕಿವೀಲಿ ಮೋಟ್ರು ಓಡ್ಸೀರಾ?" ತಾವೇ ಕಿತ್ತುಕೊಂಡು, ಕುರ್ಚಿಯಲ್ಲಿ ಕೂತು, ಓಡುತ್ತಿದ್ದ ಮೋಟ್ರನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು. "ಮೋಟ್ರು ಯಾವತ್ತಿದ್ರೂ ಕೆಳಗಿರ್ಬೇಕು ಕಣ್ರೀ. ನಮ್ಮ ತೋಟದಲ್ಲಿ ಬಾವಿ ಒಳಕ್ಕೇ ಇಳಿಸಿದೀನಿ."

ಕರೆಂಟು ಹೋಯಿತು. ಮೋಟ್ರು ಸುಮ್ಮನಾಯಿತು.

"ಸಾರ್..." ಎಂದೆ.

ಕೈಯೆತ್ತಿ ತಡೆದರು. "ನಾನು ಮಾತಾಡ್ತಾ ಇದೀನಿ. ನೋಡಿ, ಕರೆಂಟು ಹೋಯ್ತು. ಏನಾಯ್ತು? ಏನೂ ಇಲ್ಲ!"

"ಸಾರ್, ಅದು..."

"ಕೇಳಿಸ್ಕೊಳ್ರೀ ಮೊದ್ಲು!"

ಎರಡು ಸಲ ಹೇಳಲು ಹೋದವಳು ಮೂರನೇ ಸಲ, ಕರೆಂಟು ಬಂದರೆ ಅವರಿಗೆ ಶಾಕ್ ಹೊಡೆಯದಿರಲೆಂದು ಪ್ಲಗ್ಗು ಕಿತ್ತಿಟ್ಟು ಕಾಫಿ ಕುಡಿಯುತ್ತ ಕೂತೆ. ಬಾವಿಯ ಆಳ, ಮೋಟ್ರಿನ ಕಂಪನಿ, ನೂರಿಪ್ಪತ್ತು ಮರದ ಫಸಲು ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಮೆಲ್ಲಗೆ ಬಗ್ಗಿ ತೊಡೆ ನೋಡಿಕೊಂಡರು. ಪಂಚೆ ಸೊಂಟದಿಂದ ಮಂಡಿಯವರೆಗೆ ತೊಯ್ದು ತೊಪ್ಪೆ.

ಆ ಹೊತ್ತಿಗೇ ಬೆಲ್ಲು ಹೊಡೆಯಿತು. ಇನ್ನೂರು ಹುಡುಗಿಯರು ಜಗಲಿಗೆ ಬಂದರು.

"ತೊಟ್ಟಿ ಇಲ್ಲೇ ಇರ್ಲಿ ಬುಡಿ," ಎಂದರು ಕಾರ್ಯದರ್ಶಿಗಳು ಪಿಸುದನಿಯಲ್ಲಿ. "ಮೋಟ್ರೂ ಅಲ್ಲೇ ಇರ್ಲಿ, ನಮ್ಮಪ್ಪನ ಪಕ್ಕ." ಹಾಜರಿ ಪುಸ್ತಕವನ್ನು ಪಂಚೆಯ ಮುಂದೆ ಹಿಡಿದು ಜೀಪಿನತ್ತ ಹೆಜ್ಜೆ ಹಾಕಿದರು. ಹುಡುಗಿಯರು ಬಾಯಿಗೆ ಜಡೆ ತುರುಕಿಕೊಂಡರು.

ಅವರ ಮಾನ ಕಾಪಾಡಲೇಬೇಕೆಂದು ಆಯಮ್ಮ ಹಿಂದೆಯೇ ಓಡಿ, ಇಡೀ ಶಾಲೆಗೆ ಕೇಳುವಂತೆ ಕೂಗಿದಳು:

"ನಗ್‌ಬ್ಯಾಡ್ರವ್ವ! ಸಾವ್ಕಾರ್ರಲ್ಲ, ಮೀನು ಹೊಯ್ದಿದ್ದು!"