ಅಣ್ಣನ ಕೊನೆಯ ಬಟ್ಟೆ, ನನ್ನ ಮೊದಲ ಕೋಟು

ಸೋಮವಾರ ನಮ್ಮಣ್ಣ ಫಿನ್ಲೆಯ ಮಣ್ಣಿಗೆ ನಾನೇ ಹೊಲಿದ ಕೋಟು ತೊಟ್ಟು ಹೋಗುತ್ತೇನೆ, ಅದೂ ಅವನೇ ನೇಯ್ದ ಟ್ವೀಡ್ ಉಣ್ಣೆಬಟ್ಟೆಯದು! ಹೀಗೆಂದು ಶುಕ್ರವಾರ ಬೆಳಿಗ್ಗೆ ಗಂಜಿಯ ಬಟ್ಟಲ ಮುಂದೆ ನಿಂತು ಘೋಷಿಸಿದೆ. ನನ್ನ ಹೆಂಡತಿ ಮುರ್ಡಿನಾ ಚಮಚ ಕೆಳಗಿಡಲೂ ಇಲ್ಲ.

“ಒಂದು ಗುಂಡಿ ಹಾಕೋಕೆ ನನ್ನನ್ನ ಕೂಗ್ತೀಯ. ಕೋಟು ಹೊಲೀತೀಯಾ?”

ಗುಂಡಿ ಸಣ್ಣ ಕೆಲಸ, ಸಣ್ಣ ಕೆಲಸಗಳಲ್ಲಿ ನನಗೆ ಮನಸ್ಸು ನಿಲ್ಲುವುದಿಲ್ಲ ಎಂದೆ. ಲೂಯಿಸ್ ದ್ವೀಪದ ಮಕ್ಕಳಿಗೆ ಮೂವತ್ತು ವರ್ಷ ರೇಖಾಗಣಿತ ಕಲಿಸಿದವನಿಗೆ ಎರಡು ತೋಳು, ಒಂದು ಬೆನ್ನು ಯಾವ ಮಹಾ!

ಇಷ್ಟೆಲ್ಲ ಆರ್ಭಟಕ್ಕೆ ಕಾರಣ ಬೇರೆಯೇ ಇತ್ತು. ಹನ್ನೊಂದು ವರ್ಷಗಳಿಂದ ಅಣ್ಣನೂ ನಾನೂ ಮಾತು ಬಿಟ್ಟಿದ್ದೆವು. ಒಂದು ಮದುವೆಮನೆಯಲ್ಲಿ, ನಾಲ್ಕು ಜನರ ಎದುರು, ಮಗ್ಗ ತುಳಿಯುವುದಕ್ಕೆ ಕಾಲಿದ್ದರೆ ಸಾಕು, ತಲೆ ಬೇಕಿಲ್ಲ ಎಂದು ನಾನು ಅಂದುಬಿಟ್ಟಿದ್ದೆ. ಜನ ನಕ್ಕರು. ಅವನು ನಗಲಿಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಒಂದು ಆಲೂಗಡ್ಡೆ ಹೊಲ. ಅವನ ಮಗ್ಗದ ಸದ್ದು ದಿನವೂ ದಾಟಿ ಬರುತ್ತಿತ್ತು, ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ಗುರುವಾರ ಆ ಸದ್ದು ನಿಂತಿತು. ಮಣ್ಣು ಮಾಡುವಾಗ ಶವಪೆಟ್ಟಿಗೆಯ ತಲೆಕಡೆಯ ಹಗ್ಗವನ್ನು ನಾನೇ ಹಿಡಿಯಬೇಕೆಂದು ಅತ್ತಿಗೆ ಇಶ್ಬೆಲ್ ಹೇಳಿಕಳಿಸಿದಳು. ಆ ಹಗ್ಗ ಸತ್ತವನಿಗೆ ಎಲ್ಲರಿಗಿಂತ ಹತ್ತಿರದವನದು. ಬಾಯಲ್ಲಿ ಕೇಳಲಾಗದ ಕ್ಷಮೆಯನ್ನು ಮೈಮೇಲೆ ತೊಟ್ಟಾದರೂ ಕೇಳೋಣ ಎಂದುಕೊಂಡೆ.

ಮಗ್ಗದ ಕೊಟ್ಟಿಗೆಗೆ ಹೋದೆ. ಅತ್ತಿಗೆ ಬಟ್ಟೆಯ ಸಂದೂಕ ತೆರೆದು, ಗಿರಣಿಯಲ್ಲಿ ತೊಳೆದು ಹದವಾಗಿ ಬಂದಿದ್ದ ಕಂದು ಬಣ್ಣದ ಬಟ್ಟೆಯೊಂದನ್ನು ಮುಂದಿಟ್ಟಳು. ಮೆತ್ತಗೆ, ಹಿತವಾಗಿತ್ತು. ನನ್ನ ಕಣ್ಣು ಮಾತ್ರ ಮಗ್ಗದ ಮೇಲೆ. ಅಲ್ಲಿತ್ತು ಅಣ್ಣ ಕೊನೆಯದಾಗಿ ನೇಯ್ದದ್ದು, ಮೀನಿನ ಮುಳ್ಳಿನ ವಿನ್ಯಾಸದ ಕಡುಬೂದು! ಅದೇ ಬೇಕು ಎಂದೆ. ಅದು ಇನ್ನೂ ಗಿರಣಿಗೆ ಹೋಗಿಲ್ಲ, ಎಣ್ಣೆ ತುಂಬಿದ ಹಸಿ ಬಟ್ಟೆ ಎಂದು ಅತ್ತಿಗೆ ಮೆಲ್ಲಗೆ ಹೇಳಿದಳು. ಗಿರಣಿಯವರು ಮುದ್ರೆ ಒತ್ತುವುದು ಬಿಟ್ಟು ಇನ್ನೇನು ಮಾಡುತ್ತಾರೆ ಎಂದು ಕೇಳಿ, ನಾನೇ ಕತ್ತರಿಸಿಕೊಂಡು ಬಂದೆ. ನೇಕಾರನ ತಮ್ಮನಾಗಿ ಐವತ್ತಾರು ವರ್ಷ ಬದುಕಿದವನ ಪ್ರಶ್ನೆ ಅದು!

ಮುರ್ಡಿನಾ ಮೊದಲು ಒಗೆ ಎಂದಳು. ಈ ಹವೆಯಲ್ಲಿ ಒಣಗಲು ಮೂರು ದಿನ, ಅದರಲ್ಲೊಂದು ಭಾನುವಾರ. ಭಾನುವಾರ ದೇವರ ದಿನ, ಯಾವ ಕೆಲಸವೂ ಕೂಡದು; ಅಂದು ಹಗ್ಗದ ಮೇಲೆ ಒಂದು ಕಾಲುಚೀಲ ಒಣಗುವುದು ಕಂಡರೂ ನಮ್ಮೂರಿನಲ್ಲಿ ಮೂರು ತಲೆಮಾರಿನವರೆಗೆ ಹೇಳಿಕೊಳ್ಳುತ್ತಾರೆ. ಹಾಗಾಗಿ ಒಗೆಯದೆಯೇ ಕತ್ತರಿ ಹಾಕಿದೆ. ಕತ್ತರಿಸಿದ ಕಡೆಯೆಲ್ಲ ಅಂಚು ಬಿಚ್ಚಿಕೊಳ್ಳತೊಡಗಿತು. ನಾನು ಒಂದು ತುದಿ ಹೊಲಿಯುವಷ್ಟರಲ್ಲಿ ಇನ್ನೊಂದು ತುದಿ ಮತ್ತೆ ನೂಲಾಗುತ್ತಿತ್ತು! ಎಣ್ಣೆಗೆ ಹೊಲಿಗೆ ಯಂತ್ರ ಬಿಕ್ಕಳಿಸಿತು. ಎಡ ಎದೆಯ ಮೇಲೆ ಮೀನಿನ ಮುಳ್ಳುಗಳು ಆಕಾಶಕ್ಕೆ ಹೊರಟವು, ಬಲ ಎದೆಯ ಮೇಲೆ ಪಾತಾಳಕ್ಕೆ. ಶನಿವಾರ ಸಂಜೆ ಮುರ್ಡಿನಾ ಯಂತ್ರಕ್ಕೆ ಮುಸುಕು ಹಾಕುವ ಹೊತ್ತಿಗೆ ಕೊನೆಯ ಗುಂಡಿಯೂ ಕೂತಿತ್ತು. ತೊಟ್ಟು ನಿಂತೆ.

“ಹೇಗಿದೆ?”

“ಸತ್ತವರು ನೋಡಲ್ಲ, ಅದೊಂದೇ ಸಮಾಧಾನ,” ಎಂದಳು.

ಸೋಮವಾರ ಮಳೆ. ನಮ್ಮಲ್ಲಿ ಹೆಣವನ್ನು ಗಾಡಿಯಲ್ಲಿ ಒಯ್ಯುವುದಿಲ್ಲ. ಗಂಡಸರು ಎರಡು ಸಾಲಾಗಿ, ನಾಲ್ಕು ಹೆಜ್ಜೆಗೊಮ್ಮೆ ಹೆಗಲು ಬದಲಿಸುತ್ತ ಹೊರುತ್ತಾರೆ. ಮೊದಲ ಅರ್ಧ ಮೈಲಿ ನಾನು ಗಾಂಭೀರ್ಯದ ಮೂರ್ತಿ. ಆಮೇಲೆ ಕೋಟು ನೀರು ಕುಡಿಯಿತು. ಕುಡಿದದ್ದೇ ಕುಗ್ಗತೊಡಗಿತು. ತೋಳು ಮಣಿಕಟ್ಟು ಬಿಟ್ಟು ಮೊಣಕೈಯತ್ತ ಪ್ರಯಾಣ ಬೆಳೆಸಿತು. ಗುಂಡಿಗಳು ಹೊಟ್ಟೆಯೊಳಗೆ ಹೂತುಹೋದವು. ಕುರಿ ಮತ್ತು ಎಣ್ಣೆಯ ಆವಿ ನನ್ನಿಂದ ಏಳತೊಡಗಿ, ಹಿಂದಿನವರು ಸೌಜನ್ಯದಿಂದ ಕೆಮ್ಮಿದರು. ರಸ್ತೆಬದಿಯ ಕುರಿಯೊಂದು ತನ್ನವರು ಯಾರೋ ಹೋಗುತ್ತಿದ್ದಾರೆಂದು ಸ್ಮಶಾನದ ಗೇಟಿನವರೆಗೂ ನನ್ನ ಹಿಂದೆಯೇ ಬಂತು!

ಸಮಾಧಿಯ ಕುಣಿಯ ಬಳಿ ತಲೆಕಡೆಯ ಹಗ್ಗ ಹಿಡಿದೆ. ಎಂಟು ಹಗ್ಗಗಳು, ಎಂಟು ಜನ. ಏಳು ಹಗ್ಗ ಇಳಿದವು. ನನ್ನದು ಇಳಿಯಲಿಲ್ಲ. ಕೋಟಿನ ಕಂಕುಳು ನನ್ನ ಎರಡೂ ತೋಳುಗಳನ್ನು ಹಿಡಿದು ನಿಲ್ಲಿಸಿತ್ತು. ಅಣ್ಣನ ಕಾಲು ಕೆಳಗೆ ಹೋಯಿತು, ತಲೆ ಮೇಲೆಯೇ ಉಳಿಯಿತು. ಪಕ್ಕದ ಹಗ್ಗ ಹಿಡಿದಿದ್ದ ನೆರೆಮನೆಯ ನಾರ್ಮನ್ ಪಿಸುಗುಟ್ಟಿದ:

“ಬಿಡೋ ಟಾರ್ಕ್ವಿಲ್. ಹೋಗ್ಲಿ, ಬಿಡು.”

“ನಾನು ಬಿಡ್ತಿದೀನಿ ಮಾರಾಯ, ಕೋಟು ಬಿಡ್ತಿಲ್ಲ.”

ಉಸಿರುಗಟ್ಟಿದ ನನ್ನ ಮಾತು ಯಾರಿಗೂ ಸರಿಯಾಗಿ ಕೇಳಲಿಲ್ಲ. ಕಂಡದ್ದು ಇಷ್ಟೇ: ಹನ್ನೊಂದು ವರ್ಷ ಮಾತಾಡದ ತಮ್ಮ, ಅಣ್ಣನನ್ನು ಮಣ್ಣಿಗೆ ಬಿಡಲಾರದೆ ನಡುಗುತ್ತ ನಿಂತಿದ್ದಾನೆ. ತಮ್ಮವರ ದೋಣಿ ಮುಳುಗಿದಾಗಲೂ ಅಳದ ಗಂಡಸರು ಟೋಪಿಯಿಂದ ಕಣ್ಣೊರೆಸಿಕೊಂಡರು. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿದರು. ಆ ಮೌನದಲ್ಲಿ ಕಂಕುಳ ಹೊಲಿಗೆ ಪರ್ರ್ ಎಂದು ಹರಿಯಿತು, ಅಣ್ಣ ಕೆಳಗಿಳಿದ.

ಹೆಂಗಸರು ನಮ್ಮಲ್ಲಿ ಸ್ಮಶಾನಕ್ಕೆ ಬರುವುದಿಲ್ಲ. ಸುದ್ದಿ ಮಾತ್ರ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅತ್ತಿಗೆ ಬಾಗಿಲಲ್ಲೇ ನನ್ನ ಕೈ ಹಿಡಿದು, ಅಣ್ಣನನ್ನು ಬಿಡಲಾರದೆ ನಿಂತೆಯಂತಲ್ಲ ಎಂದಳು. ಊರಿಗೆ ಊರೇ ನಂಬಿದ್ದನ್ನು ಅವಳೂ ನಂಬಿಕೊಳ್ಳಲಿ ಎಂದು ಒಂದು ಕ್ಷಣ ಆಸೆಪಟ್ಟೆ. ಆಗಲಿಲ್ಲ. ಒಣಗುತ್ತ ಇನ್ನಷ್ಟು ಬಿಗಿಯುತ್ತಿದ್ದ ಕೋಟಿನೊಳಗಿಂದ ನಿಜ ಹೇಳಿದೆ: ಅದು ದುಃಖವಲ್ಲ, ಅತ್ತಿಗೆ, ಹೊಲಿಗೆ. ಈಗ ಬಿಚ್ಚಲೂ ಬರುತ್ತಿಲ್ಲ.

ಮುರ್ಡಿನಾ ಕತ್ತರಿ ತಂದಳು. ಇಶ್ಬೆಲ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಸುತ್ತ ಒಂದು ಸುತ್ತು ಬಂದಳು. ಗಂಡ ನೇಯ್ದ ಬೂದು ಬಟ್ಟೆಯ ಮೇಲೆ ಅಂಗೈ ಇಟ್ಟಳು.

“ಹನ್ನೊಂದು ವರ್ಷ ಕೈ ಕೂಡ ಕೊಡದೇ ಇದ್ದೋನು,” ಎಂದಳು, “ಈಗ ನೋಡು, ಹೇಗೆ ತಬ್ಬಿಕೊಂಡಿದಾನೆ.”

ಅಳು ಬಂತು. ಆದರೆ ಅಳುವುದಕ್ಕೂ ಎದೆ ಸ್ವಲ್ಪ ಹಿಗ್ಗಬೇಕಲ್ಲ!

“ಮೊದಲು ಕತ್ತರಿ ಹಾಕಿ ಅತ್ತಿಗೆ,” ಎಂದೆ, “ಆಮೇಲೆ ಅಳ್ತೀನಿ.”