ಪಾಯಿಂಟಿನ ನಡುವಿನ ಕಾಗದ

ಭಾನುವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಲೆನ್ಸಪ್ಪ ಕಳ್ಳಬೆಕ್ಕಿನಂತೆ ಬಂದು ಬಾಗಿಲ ಪಕ್ಕದ ಹಳೇ ಮೋಟಾರ್‌ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಇಂಜಿನ್ನಿನ ಬಲಬದಿಯ ಪುಟ್ಟ ಮುಚ್ಚಳ ಬಿಚ್ಚಿದ. ಒಳಗಿನ ಎರಡು ಲೋಹದ ಪಾಯಿಂಟುಗಳು ತಾಗುತ್ತ ಬಿಡುತ್ತ ಇದ್ದರೆ ಮಾತ್ರ ಪ್ಲಗ್ಗಿನಲ್ಲಿ ಕಿಡಿ ಹುಟ್ಟುವುದು. ಲೆನ್ಸು ಸುತ್ತುವ ತೆಳು ಕಾಗದದ ಒಂದು ಚೂರನ್ನು ಚಿಮಟದಲ್ಲಿ ಹಿಡಿದು ಅವುಗಳ ನಡುವೆ ತೂರಿಸಿದ. ಮುಚ್ಚಳ ಹಾಕಿ, ಏನೂ ಅರಿಯದವನಂತೆ ಪೇಪರ್ ಓದತೊಡಗಿದ.

ಲೆನ್ಸಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಸೋದರಮಾವ ತೀರಿಕೊಂಡಾಗ ಆ ಗಾಡಿ ಇವನ ಪಾಲಿಗೆ ಬಂದಿತ್ತು. ಸಂಜೆ ಅದರ ಮೇಲೆ ಒಂದು ಸುತ್ತು ಹೋಗಿ ಬಂದರೆ ಇಡೀ ದಿನದ ಕಣ್ಣುನೋವು ಮಾಯ. ಹೆಂಡತಿಗೆ ಮಾತ್ರ ಅದು ಎಣ್ಣೆ ಸೋರಿಸುವ ಸವತಿ ಎಂದು ಇವನ ಬಲವಾದ ನಂಬಿಕೆ. ಹೋದ ವಾರ ಅವಳು, "ರೀ, ಇದನ್ನ ಮಾರಿಬಿಡೋಣ್ವಾ?" ಎಂದಾಗ, ಸುಮ್ಮನೆ ಜಗಳ ಯಾಕೆಂದು "ನಿನ್ನಿಷ್ಟ" ಎಂದುಬಿಟ್ಟಿದ್ದ. ಇವತ್ತು ಸಂಜೆ ಕೊಳ್ಳುವವರು ಬರುತ್ತಾರೆ. ಓಡದ ಗಾಡಿಯನ್ನು ಯಾರು ತಾನೇ ಒಯ್ಯುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಅದನ್ನು ಕೆಡಿಸಿದ್ದು ಅಕ್ಕಪಕ್ಕದವರ ಒಳ್ಳೆಯತನ. ಒಮ್ಮೆ ಸ್ಟಾರ್ಟ್ ಮಾಡಿ ನೋಡಿ ಎಂಬ ಹೆಂಡತಿಯ ಮಾತಿಗೆ ಇವನು ಗಾಡಿಯ ಕಿಕ್ಕರ್ ಒದ್ದ. ಅದು ಕೆಮ್ಮಲೂ ಇಲ್ಲ. ಒದೆತದ ಸದ್ದಿಗೆ ಮಹಡಿಯ ಯಜಮಾನರು ಬನಿಯನ್ನಿನಲ್ಲೇ ಇಳಿದು ಬಂದರು. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು.

"ಪ್ಲಗ್ ಬಿಚ್ಚೋ," ಎಂದು ಅದನ್ನು ಇಂಜಿನ್ನಿಗೆ ತಾಗಿಸಿ ಒದೆಸಿ ನೋಡಿದರು. "ಕಿಡಿನೇ ಇಲ್ವಲ್ಲ. ನಿನ್ನೆ ಚೆನ್ನಾಗಿತ್ತು."

"ವಯಸ್ಸಾಯ್ತಲ್ಲ ಸಾರ್," ಎಂದ ಲೆನ್ಸಪ್ಪ, ಮುಖ ಬಾಡಿಸಿಕೊಂಡು.

"ನಂಗೂ ಆಗಿದೆ. ನಾನೇನು ನಿಂತೋಗಿದೀನಾ?"

ಅಷ್ಟರಲ್ಲಿ ಎದುರುಮನೆಯ ರೇಡಿಯೋ ರಿಪೇರಿಯವನು ಮೀಟರು, ವೈರುಗಳ ಸಮೇತ ಹಾಜರಾದ. ಹೆಂಡತಿ ಚಹಾದ ಮೇಲೆ ಚಹಾ ತಂದಳು. ಪ್ಲಗ್ಗು ಉಜ್ಜಿದ್ದಾಯಿತು, ವೈರು ಬದಲಿಸಿದ್ದಾಯಿತು. ಬಲಬದಿಯ ಮುಚ್ಚಳದತ್ತ ಯಾರ ಕೈ ಹೋದರೂ ಲೆನ್ಸಪ್ಪ ಕಾವಿಗೆ ಕೂತ ಕೋಳಿಯಂತೆ ಅಡ್ಡ ಕೂತು, "ಆ ಸ್ಕ್ರೂ ತುಕ್ಕು ಹಿಡಿದಿದೆ, ಮುರಿದುಹೋಗುತ್ತೆ," ಎನ್ನುತ್ತಿದ್ದ.

"ಹಾಗಾದ್ರೆ ಕಾಯಿಲ್ಲೇ ಹೋಗಿರಬೇಕು," ಎಂದ ರೇಡಿಯೋದವನು. ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಜೋರು ಮಾಡುವ ಡಬ್ಬಿ ಅದು. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಎರಡು ವೈರು ಕೊಟ್ಟ. ಮತ್ತೆ ಚಹಾ ಬಂತು, ಹರಟೆ ಶುರುವಾಯಿತು, ವೈರು ಮರೆತೇ ಹೋಯಿತು. ಡಬ್ಬಿ ಇಸ್ತ್ರಿಪೆಟ್ಟಿಗೆಯಂತೆ ಕಾದು ಘಾಟು ಮೂಗಿಗೆ ಬಡಿದಾಗ ವೈರು ಕಿತ್ತು, "ಬಿಸಿ ಆಯ್ತು ಅಂದ್ರೆ ಕಾಯಿಲ್ ಚೆನ್ನಾಗೇ ಇದೆ," ಎಂದು ತೀರ್ಪು ಕೊಟ್ಟ. ಲೆನ್ಸಪ್ಪ ಒಳಗೊಳಗೇ ನಕ್ಕ.

ಸಂಜೆ ಬಂದವರು ಬಟ್ಟೆ ಅಂಗಡಿಯ ಮಾಲೀಕರು. ಯಜಮಾನರೂ ರೇಡಿಯೋದವನೂ ಇನ್ನೂ ಗಾಡಿಯ ಪಕ್ಕದಲ್ಲೇ ಇದ್ದರು, ಹೆಂಡತಿ ಸಪ್ಪಗೆ ನಿಂತಿದ್ದಳು. ಲೆನ್ಸಪ್ಪನೇ ಮುಂದೆ ಬಂದು, "ಸುಳ್ಳು ಹೇಳಬಾರದು ಸಾರ್. ಗಾಡಿ ಸತ್ತೋಗಿದೆ. ಬೇಕಾದ್ರೆ ಇವರನ್ನೇ ಕೇಳಿ," ಎಂದ.

ಮಾಲೀಕರ ಮುಖ ಅರಳಿತು. "ಏನು ಮಾಡಿದ್ರೂ ಸ್ಟಾರ್ಟ್ ಆಗಲ್ಲ ತಾನೇ?"

"ಇಲ್ಲ ಸಾರ್."

"ಅಂತೂ ಸಿಕ್ತಪ್ಪ. ಅಂಗಡಿ ಮುಂದೆ ಗಾಜಿನೊಳಗೆ ನಿಲ್ಲಿಸೋಕೆ ಹುಡುಕ್ತಾ ಇದ್ದೆ. ಓಡೋದನ್ನ ತಂದ್ರೆ ನನ್ನ ಮಗ ಮಾರನೇ ದಿನವೇ ಎತ್ಕೊಂಡು ಹೋಗ್ತಾನೆ. ನೋಡಿದ್ದೆಲ್ಲಾ ಓಡೋ ಗಾಡಿಗಳೇ, ಸಾಕಾಗಿತ್ತು ನಂಗೆ."

ಲೆನ್ಸಪ್ಪ ಓಡಿ ಗಾಡಿಯ ಮುಂದೆ ಕುಕ್ಕರಿಸಿದ. "ಇದೂ ಓಡುತ್ತೆ ಸಾರ್, ಚೆನ್ನಾಗಿ ಓಡುತ್ತೆ," ಎನ್ನುತ್ತ ಮುಚ್ಚಳ ಬಿಚ್ಚಿದ. ತುಕ್ಕು ಹಿಡಿದ ಸ್ಕ್ರೂ ಬೆಣ್ಣೆಯಂತೆ ಬಂತು. ಕಾಗದದ ಚೂರನ್ನು ಎಳೆದು ಎಲ್ಲರೆದುರು ಹಿಡಿದ. "ನಾನೇ ಇಟ್ಟಿದ್ದು."

ಯಜಮಾನರು ಕಾಗದವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. ಮಾನ ಹೋದರೆ ಹೋಗಲಿ, ಗಾಡಿ ಉಳಿದರೆ ಸಾಕೆಂದು ಲೆನ್ಸಪ್ಪ ಒದ್ದ. ಸದ್ದಿಲ್ಲ. ಬೆವರು ಇಳಿಯುವವರೆಗೆ ಒದ್ದ. ರೇಡಿಯೋದವನು ಮೀಟರು ಹಿಡಿದು ನೋಡಿ ತಲೆ ಕೆರೆದುಕೊಂಡ.

"ಕಾಯಿಲ್ ಈಗ ನಿಜವಾಗ್ಲೂ ಸುಟ್ಟೋಗಿದೆ. ನನ್ನಿಂದಲೇ ಅಂತ ಕಾಣುತ್ತೆ. ಇಂಥದ್ದು ಇನ್ನೆಲ್ಲೂ ಸಿಗಲ್ಲ."

"ಎಂಥಾ ಪ್ರಾಮಾಣಿಕರು," ಎಂದರು ಮಾಲೀಕರು ಖುಷಿಯಾಗಿ. "ಓಡಲ್ಲ ಅನ್ನೋದನ್ನ ಕಣ್ಣೆದುರೇ ಖಾತ್ರಿ ಮಾಡಿಕೊಟ್ರಿ."

ಗಾಡಿ ಟೆಂಪೋ ಹತ್ತಿ ಹೋಯಿತು. ಲೆನ್ಸಪ್ಪ ಹೊಸ್ತಿಲ ಮೇಲೆ ಕುಸಿದು ಕುಳಿತ. ಹೆಂಡತಿಯ ಬೈಗುಳಕ್ಕೆ ಕಾದ. ಅವಳು ಬಂದು ಪಕ್ಕದಲ್ಲಿ ಕುಳಿತಳು.

"ಅಷ್ಟು ಪ್ರೀತಿ ಇದ್ರೆ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಮಗೆ? ದಿನಾ ಅದನ್ನ ಒರೆಸಿ, ತಿಕ್ಕಿ ಸುಸ್ತಾಗ್ತೀರಲ್ಲ, ನಿಮಗೇ ಸಾಕಾಗಿದೆ ಅನ್ಕೊಂಡು ಆ ಮಾತೆತ್ತಿದೆ. ನಿನ್ನಿಷ್ಟ ಅಂದ್ರಿ. ಬೇಡ ಅಂದಿದ್ರೆ ಅಲ್ಲಿಗೇ ಬಿಡ್ತಿದ್ದೆ. ನಂಗೂ ಅದರ ಹಿಂದೆ ಕೂತು ಹೋಗೋದು ಇಷ್ಟಾನೇ ಇತ್ತು."

ಲೆನ್ಸಪ್ಪ ಅವಳ ಮುಖ ನೋಡಿದ. ಮೊದಲು ಅವಳು ನಕ್ಕಳು, ಆಮೇಲೆ ಇವನೂ ನಕ್ಕ. ಗಾಡಿಯನ್ನು ಗಾಜಿನೊಳಗೆ ಹೇಗೆ ನಿಲ್ಲಿಸಿದ್ದಾರೋ ನೋಡಿಕೊಂಡು ಬರೋಣವೆಂದು ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು, ಬಟ್ಟೆ ಅಂಗಡಿಯವರೆಗೆ ನಡೆದುಕೊಂಡೇ ಹೋದರು.